ಲವ್ ಬರ್ಡ್ಸ್‌ಗೆ ನವಣೆಯೊಂದೇ ಸಾಕೆ?

ಒಂದು ಜೊತೆ ಹಕ್ಕಿ, ಒಂದು ತಂತಿಯ ಪಂಜರ, ಒಂದು ಕಿಲೋ ನವಣೆ. ಅಂಗಡಿಯವರು ಈ ಮೂರನ್ನೂ ಕೈಗಿತ್ತು 'ಇಷ್ಟೇ ಸಾರ್, ಇನ್ನೇನೂ ಬೇಕಾಗಿಲ್ಲ' ಎಂದು ಕಳುಹಿಸಿಬಿಡುತ್ತಾರೆ. ಮಕ್ಕಳು ಹಕ್ಕಿಗಳಿಗೆ ಹೆಸರಿಡುತ್ತಾರೆ, ಬೆಳಿಗ್ಗೆ ಎದ್ದು ಮೊದಲು ಪಂಜರದ ಮುಂದೆ ನಿಲ್ಲುತ್ತಾರೆ. ವರ್ಷ ಎರಡು ವರ್ಷ ಕಳೆಯುವಷ್ಟರಲ್ಲಿ ಹಕ್ಕಿ ಮಂಕಾಗಿ, ಗರಿ ಉಬ್ಬಿಸಿ ಕೂತು, ಒಂದು ಬೆಳಿಗ್ಗೆ ಪಂಜರದ ತಳದಲ್ಲಿ ಬಿದ್ದಿರುತ್ತದೆ. 'ಇವುಗಳ ಆಯಸ್ಸೇ ಅಷ್ಟು' ಎಂದು ಮನೆಯ ಹಿರಿಯರು ಮಗುವನ್ನು ಸಮಾಧಾನಪಡಿಸುತ್ತಾರೆ. ಇದು ನಿಜವಲ್ಲ. ಸರಿಯಾದ ಆಹಾರ ಸಿಕ್ಕರೆ ಈ ಹಕ್ಕಿಗಳು ಹತ್ತು ವರ್ಷ ಅಥವಾ ಅದಕ್ಕಿಂತಲೂ ಹೆಚ್ಚು ಕಾಲ ಬದುಕಬಲ್ಲವು.

ನಾನು ಮನುಷ್ಯರಿಗೆ ಮದ್ದು ಕೊಡುವ ವೈದ್ಯ, ಪಶುವೈದ್ಯನಲ್ಲ. ಆದರೂ ಮಗುವಿನ ನೆಗಡಿಗೆ ಔಷಧಿ ಬರೆಸಿಕೊಂಡು ಏಳುವಾಗ 'ಡಾಕ್ಟ್ರೇ, ನಮ್ಮನೆ ಹಕ್ಕೀನೂ ಸೀನ್ತಾ ಇದೆ' ಎನ್ನುವ ತಾಯಂದಿರು ಉಂಟು. ಬರೀ ಕಾಳು ತಿಂದು ಬದುಕುವ ಹಕ್ಕಿಗೆ ಬರುವ ಕಾಯಿಲೆಗಳು ನಮ್ಮ ಪಠ್ಯಪುಸ್ತಕದ ಅಪೌಷ್ಟಿಕತೆಯ ಅಧ್ಯಾಯದಲ್ಲಿರುವ ಕಾಯಿಲೆಗಳೇ ಆಗಿರುವುದರಿಂದ ಈ ವಾರ ಅದರ ಬಗ್ಗೆ ಬರೆಯುತ್ತಿದ್ದೇನೆ.

ಮೊದಲು ಹೆಸರಿನ ವಿಚಾರ. ನಮ್ಮಲ್ಲಿ ಲವ್ ಬರ್ಡ್ಸ್ ಎಂದು ಮಾರುವ ಹಸಿರು, ಹಳದಿ, ನೀಲಿ ಬಣ್ಣದ ಉದ್ದ ಬಾಲದ ಹಕ್ಕಿಗಳು ಬಹುಮಟ್ಟಿಗೆ ಆಸ್ಟ್ರೇಲಿಯಾದ ಬಜರಿಗಾರ್‌ಗಳು. ನಿಜವಾದ ಲವ್ ಬರ್ಡ್ ಆಫ್ರಿಕಾ ಖಂಡದ್ದು. ದಪ್ಪ ಕೊಕ್ಕು, ಮೊಟಕು ಬಾಲ, ತೂಕ ಸುಮಾರು 50 ಗ್ರಾಂ. ಬಜರಿಗಾರ್ ಇನ್ನೂ ಸಣ್ಣದು, 30ರಿಂದ 40 ಗ್ರಾಂ. ಎರಡೂ ಗಿಳಿಯ ಬಳಗಕ್ಕೇ ಸೇರಿದವು, ಎರಡಕ್ಕೂ ಈ ಲೇಖನ ಅನ್ವಯಿಸುತ್ತದೆ. ಕಾಡಿನಲ್ಲಿ ಇವು ಹುಲ್ಲಿನ ಬೀಜ ತಿನ್ನುವುದು ಹೌದು. ಆದರೆ ಆ ಬೀಜ ಹಲವು ಬಗೆಯದು, ಎಷ್ಟೋ ಸಲ ಹಾಲುಗಾಳು. ಆಫ್ರಿಕಾದ ಹಕ್ಕಿ ಅದರೊಂದಿಗೆ ಹಣ್ಣು, ಎಲೆಯ ಕುಡಿಗಳನ್ನೂ ತಿನ್ನುತ್ತದೆ. ಇಷ್ಟು ತಿನ್ನಲು ಅವು ದಿನವೂ ಮೈಲಿಗಟ್ಟಲೆ ಹಾರುತ್ತವೆ. ಪಂಜರದ ಹಕ್ಕಿಗೆ ಆ ವೈವಿಧ್ಯವೂ ಇಲ್ಲ, ಹಾರಾಟವೂ ಇಲ್ಲ.

ನವಣೆ ಕೆಟ್ಟ ಧಾನ್ಯವೆಂದು ಹೇಳುತ್ತಿಲ್ಲ. ಸಿರಿಧಾನ್ಯವೆಂಬ ಹೆಸರಿನಲ್ಲಿ ಅದು ಈಗ ನಮ್ಮ ಅಡುಗೆಮನೆಗೂ ಮರಳಿ ಬಂದಿದೆ. ಆದರೆ ಅದರಲ್ಲಿ ಎ ಜೀವಸತ್ವ ಇಲ್ಲವೆನ್ನುವಷ್ಟು ಕಡಿಮೆ. ಕಣ್ಣು, ಮೂಗು, ಬಾಯಿ, ಶ್ವಾಸನಾಳಗಳ ಒಳಪೊರೆ ತೇವವಾಗಿ, ಮೃದುವಾಗಿ ಇರಬೇಕಾದರೆ ಈ ಜೀವಸತ್ವ ಬೇಕೇ ಬೇಕು. ಇದು ಸಿಗದಿದ್ದರೆ ಆ ಪೊರೆ ಒಣಗಿ ದಪ್ಪಗಟ್ಟಿ, ರೋಗಾಣುಗಳಿಗೆ ಬಾಗಿಲು ತೆರೆದಂತಾಗುತ್ತದೆ. ಮಕ್ಕಳಲ್ಲಿ ಇದು ಮೊದಲು ಇರುಳುಗಣ್ಣಾಗಿ ಕಾಣಿಸಿಕೊಳ್ಳುತ್ತದೆ. ಒಂಬತ್ತನೆಯ ತಿಂಗಳಿನಿಂದ ಐದು ವರ್ಷದವರೆಗೆ ಮಕ್ಕಳಿಗೆ ಎ ಜೀವಸತ್ವದ ದ್ರಾವಣ ಕುಡಿಸುವುದು ಇದಕ್ಕಾಗಿಯೇ. ಹಕ್ಕಿಯಲ್ಲಾದರೆ ಮೂಗು ಕಟ್ಟುತ್ತದೆ, ಸೀನು ಬರುತ್ತದೆ, ಕಣ್ಣಿನ ಸುತ್ತ ಊದಿಕೊಳ್ಳುತ್ತದೆ, ಬಾಯಿಯೊಳಗೆ ಬಿಳಿಯ ಮಚ್ಚೆಗಳೇಳುತ್ತವೆ. ಮನೆಯವರು ಶೀತವಾಗಿದೆ ಎಂದುಕೊಳ್ಳುತ್ತಾರೆ. ಮೂಲ ಇರುವುದು ಕಾಳಿನ ಬಟ್ಟಲಿನಲ್ಲಿ.

ಸೂರ್ಯಕಾಂತಿ ಬೀಜದ ಕಥೆ ಬೇರೆ. ಅದರ ತಿರುಳಿನ ಸುಮಾರು ಅರ್ಧ ಭಾಗ ಬರೀ ಎಣ್ಣೆ. ಹಕ್ಕಿಗೆ ಅದೆಂದರೆ ಪ್ರಾಣ, ನಮ್ಮ ಮಕ್ಕಳಿಗೆ ಕುರುಕಲು ತಿಂಡಿ ಇದ್ದ ಹಾಗೆ. ಕಾಳಿನ ಮಿಶ್ರಣದಿಂದ ಅದನ್ನೇ ಆರಿಸಿ ತಿಂದು ಮಿಕ್ಕಿದ್ದನ್ನು ಚೆಲ್ಲುತ್ತದೆ. ಕೂತಲ್ಲೇ ಕೂತು ಇದನ್ನು ತಿಂದ ಹಕ್ಕಿಯ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ. ನಮ್ಮಲ್ಲಿ ಸ್ಕ್ಯಾನಿಂಗ್ ವರದಿಯಲ್ಲಿ 'ಫ್ಯಾಟಿ ಲಿವರ್' ಎಂದು ಬರೆದಿರುತ್ತಾರಲ್ಲ, ಅದೇ. ಕೊಕ್ಕು ವಿಪರೀತ ಬೆಳೆಯುವುದು ಇದರ ಒಂದು ಸೂಚನೆಯಾಗಿರಬಹುದು. ಸೂರ್ಯಕಾಂತಿ ಬೀಜವನ್ನು ದಿನಕ್ಕೆ ಒಂದೆರಡು, ಅದೂ ಕೈಯಿಂದ ಬಹುಮಾನದಂತೆ ಕೊಟ್ಟರೆ ಸಾಕು.

ಹೆಣ್ಣು ಹಕ್ಕಿಗೆ ಇನ್ನೊಂದು ಅಪಾಯವಿದೆ. ಗಂಡಿನ ಜೊತೆ ಇಲ್ಲದಿದ್ದರೂ ಅದು ಮೊಟ್ಟೆ ಇಡಬಲ್ಲದು. ಒಂದು ಸರದಿಯಲ್ಲಿ ನಾಲ್ಕಾರು ಮೊಟ್ಟೆ ಇಡುವ ಅಷ್ಟು ಸಣ್ಣ ದೇಹ ಆ ಚಿಪ್ಪುಗಳಿಗೆಲ್ಲ ಸುಣ್ಣದ ಅಂಶವನ್ನು ಎಲ್ಲಿಂದ ತರಬೇಕು? ರಾಗಿಯಲ್ಲಿ 100 ಗ್ರಾಂಗೆ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದ್ದರೆ ನವಣೆಯಲ್ಲಿರುವುದು ಅದರ ಹತ್ತರಲ್ಲಿ ಒಂದು ಪಾಲಿನಷ್ಟು. ಕ್ಯಾಲ್ಸಿಯಂ ಸಾಲದಾದಾಗ ಚಿಪ್ಪು ಮೆತ್ತಗಾಗುತ್ತದೆ, ಹೊರದೂಡುವ ಸ್ನಾಯುಗಳಿಗೂ ಬಲವಿರುವುದಿಲ್ಲ, ಮೊಟ್ಟೆ ಒಳಗೇ ಸಿಕ್ಕಿಕೊಳ್ಳುತ್ತದೆ. ಹೆಣ್ಣು ಹಕ್ಕಿ ಪಂಜರದ ತಳದಲ್ಲಿ ಕೂತು ಮುಕ್ಕುತ್ತಿದ್ದರೆ ನಾಳೆ ನೋಡೋಣ ಎನ್ನಬೇಡಿ. ಬೆಚ್ಚಗಿಟ್ಟು ಕೂಡಲೇ ಪಶುವೈದ್ಯರಲ್ಲಿಗೆ ಒಯ್ಯಿರಿ. ಇದಕ್ಕೆ ಮುಂಜಾಗ್ರತೆ ಬಹಳ ಅಗ್ಗ. ಸಮುದ್ರಫೇನ ಎಂಬ ಹಗುರವಾದ ಬಿಳಿಯ ಚಿಪ್ಪು ಹಕ್ಕಿ ಅಂಗಡಿಯಲ್ಲೂ ಗ್ರಂಥಿಗೆ ಅಂಗಡಿಯಲ್ಲೂ ಸಿಗುತ್ತದೆ. ಅದನ್ನು ಪಂಜರಕ್ಕೆ ಸಿಕ್ಕಿಸಿದರೆ ಹಕ್ಕಿ ತನಗೆ ಬೇಕಾದಷ್ಟು ಕೆರೆದುಕೊಂಡು ತಿನ್ನುತ್ತದೆ. ತಿಂದ ಕ್ಯಾಲ್ಸಿಯಂ ಮೈಗೆ ಹತ್ತಲು ಡಿ ಜೀವಸತ್ವ ಬೇಕು, ಅದಕ್ಕೆ ಎಳೆಬಿಸಿಲು. ಕಿಟಕಿಯ ಗಾಜಿನ ಮೂಲಕ ಬಂದ ಬಿಸಿಲು ಲೆಕ್ಕಕ್ಕಿಲ್ಲ, ಬೇಕಾದ ಕಿರಣವನ್ನು ಗಾಜು ತಡೆದುಬಿಡುತ್ತದೆ. ಬೆಳಿಗ್ಗೆ ಸ್ವಲ್ಪ ಹೊತ್ತು ಪಂಜರವನ್ನು ಹೊರಗಿಡಿ. ಅರ್ಧ ಪಂಜರಕ್ಕೆ ನೆರಳಿರಲಿ, ಬೆಕ್ಕು ಕಾಗೆಗಳ ಮೇಲೆ ಕಣ್ಣಿರಲಿ.

ಹಾಗಾದರೆ ದಿನವೂ ಏನು ಕೊಡಬೇಕು? ಒಂದು ಹಕ್ಕಿಗೆ ಕಾಳು ಸುಮಾರು ಒಂದೂವರೆ ಟೀ ಚಮಚ. ಅದರಲ್ಲಿ ನವಣೆಯ ಜೊತೆ ರಾಗಿ, ಸಜ್ಜೆ, ಸಾಮೆ ಬೆರೆಸಬಹುದು. ಬಿತ್ತನೆಗೆಂದು ಔಷಧಿ ಲೇಪಿಸಿದ ಬಣ್ಣದ ಬೀಜವನ್ನು ಮಾತ್ರ ಹತ್ತಿರಕ್ಕೂ ತರಬೇಡಿ. ಕಾಳಿನಷ್ಟೇ ಮುಖ್ಯವಾದದ್ದು ಸೊಪ್ಪು ತರಕಾರಿ. ನುಗ್ಗೆ ಸೊಪ್ಪು, ಕೊತ್ತಂಬರಿ, ಮೆಂತ್ಯ, ಹರಿವೆ, ಕ್ಯಾರೆಟ್ ತುರಿ, ಸಿಹಿಗುಂಬಳದ ಸಣ್ಣ ಚೂರು. ಇವೆಲ್ಲ ಹೇಗೂ ನಿಮ್ಮ ಅಡುಗೆಗೆ ತಂದದ್ದರಲ್ಲೇ ಒಂದು ಚಿಟಿಕೆ. ನುಗ್ಗೆ ಸೊಪ್ಪಿನಲ್ಲಿ ಎ ಜೀವಸತ್ವಕ್ಕೆ ಮೂಲವಾದ ಕೆರೋಟಿನ್ ಕೂಡ ಇದೆ, ಕ್ಯಾಲ್ಸಿಯಂ ಕೂಡ ಇದೆ. ಪಾಲಕ್ ಅಪರೂಪಕ್ಕೆ ಸಾಕು, ಅದರಲ್ಲಿರುವ ಆಮ್ಲ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೊಳಕೆ ಬರಿಸಿದ ಹೆಸರುಕಾಳು, ವಾರಕ್ಕೊಮ್ಮೆ ಚೆನ್ನಾಗಿ ಬೇಯಿಸಿದ ಮೊಟ್ಟೆಯ ಚೂರು ಸಸಾರಜನಕಕ್ಕೆ. ಸೀಬೆ, ಪಪ್ಪಾಯಿಯಂಥ ಹಣ್ಣು ಸ್ವಲ್ಪವೇ. ಹಸಿಯ ಪದಾರ್ಥಗಳನ್ನು ಚೆನ್ನಾಗಿ ತೊಳೆದು ಇಡಿ, ಎರಡು ಗಂಟೆಯ ನಂತರ ಮಿಕ್ಕಿದ್ದನ್ನು ತೆಗೆದುಹಾಕಿ. ದೊಡ್ಡ ಊರುಗಳಲ್ಲಿ ಸಿಗುವ ಪೆಲೆಟ್ ಎಂಬ ಸಿದ್ಧ ಆಹಾರವೂ ಒಳ್ಳೆಯದೇ, ಬೆಲೆ ಮಾತ್ರ ಹೆಚ್ಚು.

'ಸೊಪ್ಪು ಇಟ್ಟರೆ ಮೂಸಿಯೂ ನೋಡಲ್ಲ' ಎನ್ನುವವರೇ ಹೆಚ್ಚು. ನವಣೆಯನ್ನೇ ಕಂಡು ಬೆಳೆದ ಹಕ್ಕಿಗೆ ಸೊಪ್ಪು ತಿನ್ನುವ ವಸ್ತು ಎಂಬುದೇ ಗೊತ್ತಿರುವುದಿಲ್ಲ. ಬೆಳಿಗ್ಗೆ ಹಸಿದಿರುವಾಗ ಮೊದಲು ಸೊಪ್ಪಿಟ್ಟು ಒಂದು ಗಂಟೆಯ ನಂತರ ಕಾಳು ಕೊಡಿ. ಒದ್ದೆ ಕೊತ್ತಂಬರಿ ಕಟ್ಟನ್ನು ತೂಗುಹಾಕಿದರೆ ಬಜರಿಗಾರ್‌ಗಳು ಮೊದಲು ಅದರಲ್ಲಿ ಸ್ನಾನ ಮಾಡಿ ಆಮೇಲೆ ರುಚಿ ನೋಡುತ್ತವೆ! ಕೆಲವು ವಾರಗಳೇ ಹಿಡಿಯಬಹುದು. ಆದರೆ ಹಟಕ್ಕೆ ಬಿದ್ದು ಕಾಳು ನಿಲ್ಲಿಸಿ ಉಪವಾಸ ಕೆಡವಬೇಡಿ. ಇಷ್ಟು ಸಣ್ಣ ಹಕ್ಕಿ ಒಂದೆರಡು ದಿನದ ಉಪವಾಸವನ್ನೂ ತಾಳಲಾರದು.

ಉಪವಾಸವೆಂದಾಗ ಹೇಳಲೇಬೇಕಾದ ಮಾತೊಂದಿದೆ. ಈ ಹಕ್ಕಿಗಳು ಕಾಳನ್ನು ಸುಲಿದು ತಿರುಳನ್ನಷ್ಟೇ ನುಂಗುತ್ತವೆ, ಹೊಟ್ಟು ಬಟ್ಟಲಿನಲ್ಲೇ ಉಳಿಯುತ್ತದೆ. ನೋಡಿದವರಿಗೆ ಬಟ್ಟಲು ತುಂಬಿರುವಂತೆ ಕಾಣುತ್ತದೆ. ತುಂಬಿದ ಬಟ್ಟಲಿನ ಮುಂದೆ ಹಸಿವಿನಿಂದ ಸತ್ತ ಹಕ್ಕಿಗಳುಂಟು. ದಿನವೂ ಬಟ್ಟಲನ್ನು ಊದಿ ಹೊಟ್ಟು ಹಾರಿಸಿ ನೋಡುವ ಕೆಲಸವನ್ನು ಮನೆಯಲ್ಲಿ ಒಬ್ಬರಿಗೆ ವಹಿಸಿಬಿಡಿ.

ಬೆಣ್ಣೆಹಣ್ಣನ್ನು ಎಂದಿಗೂ ಕೊಡಬಾರದು. ನಮಗೆ ಪುಷ್ಟಿಕರವಾದ ಈ ಹಣ್ಣಿನಲ್ಲಿರುವ ಒಂದು ಅಂಶ ಹಕ್ಕಿಯ ಹೃದಯಕ್ಕೆ ವಿಷ. ಚಾಕೊಲೇಟ್, ಕಾಫಿ, ಟೀ, ಈರುಳ್ಳಿ, ಬೆಳ್ಳುಳ್ಳಿ, ಉಪ್ಪು ಖಾರದ ಕುರುಕಲು, ಸೇಬಿನ ಬೀಜ ಇವೂ ಬೇಡ. ಮುಗ್ಗಿದ ಕಡಲೇಕಾಯಿಯ ಬೂಷ್ಟು ಯಕೃತ್ತನ್ನು ಹಾಳುಮಾಡುತ್ತದೆ. ಪಂಜರ ಅಡುಗೆಮನೆಯಲ್ಲಿರಕೂಡದು. ನಾನ್‌ಸ್ಟಿಕ್ ತವಾ ಅತಿಯಾಗಿ ಕಾದಾಗ ಏಳುವ ಹೊಗೆ ಹಕ್ಕಿಯನ್ನು ನಿಮಿಷಗಳಲ್ಲಿ ಕೊಲ್ಲಬಲ್ಲದು.

ಮಕ್ಕಳಿಗೆ ಬರೆದುಕೊಟ್ಟ ವಿಟಮಿನ್ ಡ್ರಾಪ್ಸ್‌ನಲ್ಲಿ ನಾಲ್ಕು ಹನಿಯನ್ನು ಹಕ್ಕಿಯ ನೀರಿಗೂ ಹಾಕುವವರಿದ್ದಾರೆ. ಕೆರೋಟಿನ್ ಆದರೆ ದೇಹ ತನಗೆ ಬೇಕಾದಷ್ಟನ್ನೇ ಎ ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುತ್ತದೆ. ಹನಿಯಲ್ಲಿರುವ ಎ ಮತ್ತು ಡಿ ಜೀವಸತ್ವಗಳು ನೇರವಾಗಿ ಒಳಸೇರಿ ಮೈಯಲ್ಲೇ ಉಳಿಯುತ್ತವೆ. ಹತ್ತು ಕಿಲೋ ತೂಗುವ ಮಗುವಿನ ಔಷಧಿಯನ್ನು 50 ಗ್ರಾಂನ ಜೀವಕ್ಕೆ ಅಂದಾಜಿನಲ್ಲಿ ಕೊಡುವುದು ಎಂಥ ಲೆಕ್ಕ? ಉಳಿದ ಆಂಟಿಬಯಾಟಿಕ್ ಸಿರಪ್‌ಗೂ ಇದೇ ಮಾತು. ನೀರು ಬರೀ ನೀರಾಗಿರಲಿ, ದಿನವೂ ಬದಲಾಗಲಿ.

ಹಕ್ಕಿ ತನ್ನ ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತದೆ. ಸೊರಗಿದ್ದು ತೋರಿದರೆ ಬೇಟೆಗಾರನ ಕಣ್ಣಿಗೆ ಬೀಳುತ್ತೇನೆಂಬ ಕಾಡಿನ ಅಭ್ಯಾಸ. ಆದ್ದರಿಂದ ವಾರಕ್ಕೊಮ್ಮೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಬರೆದಿಡುವುದು ಒಳ್ಳೆಯದು. 50 ಗ್ರಾಂ ಹಕ್ಕಿ 45ಕ್ಕೆ ಇಳಿದರೆ ಅದು 60 ಕಿಲೋ ಮನುಷ್ಯ 6 ಕಿಲೋ ಕಳೆದುಕೊಂಡಂತೆ.

ಇನ್ನು ಮನೆಯವರ ವಿಷಯ. ತುಟಿಯ ಮೇಲೆ ಕಾಳಿಟ್ಟು ಹಕ್ಕಿಗೆ ತಿನ್ನಿಸುವ ಆಟ ಮಕ್ಕಳಿಗೆ ಬೇಡ. ನಮ್ಮ ಎಂಜಲಿನ ರೋಗಾಣು ಹಕ್ಕಿಗೆ ಕೆಡುಕು, ಹಕ್ಕಿಯದು ನಮಗೆ. ಗಿಳಿಜ್ವರವೆಂಬ ಸೋಂಕು ಒಣಗಿದ ಹಿಕ್ಕೆಯ ಧೂಳಿನಿಂದ ಮನುಷ್ಯರಿಗೆ ಹರಡುತ್ತದೆ. ಅಪರೂಪದ ಕಾಯಿಲೆ, ಗಾಬರಿ ಬೇಡ. ಪಂಜರವನ್ನು ಒಣ ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ, ನಂತರ ಸೋಪಿನಿಂದ ಕೈ ತೊಳೆಯಿರಿ. ಮನೆಯಲ್ಲಿ ಯಾರಿಗಾದರೂ ಜ್ವರ, ವಿಪರೀತ ತಲೆನೋವು, ಒಣಕೆಮ್ಮು ಬಂದು ಮಾಮೂಲಿ ಔಷಧಿಗೆ ಬಗ್ಗದಿದ್ದರೆ, ಮನೆಯಲ್ಲಿ ಹಕ್ಕಿ ಸಾಕಿದ್ದೇವೆಂದು ನಿಮ್ಮ ವೈದ್ಯರಿಗೆ ತಪ್ಪದೆ ತಿಳಿಸಿ. ಇದಕ್ಕೆ ಪರಿಣಾಮಕಾರಿ ಔಷಧಿ ಇದೆ. ಆದರೆ ಹಕ್ಕಿಯ ಸುದ್ದಿ ಕಿವಿಗೆ ಬೀಳದೆ ಈ ಜ್ವರದ ನೆನಪು ವೈದ್ಯರಿಗೆ ಬರುವುದು ಕಷ್ಟ.