ಲಕ್ಷಗಟ್ಟಲೆ ಇ-ಮೇಲ್, ನಾಲ್ಕು ಪ್ರಶ್ನೆ

2015ರ ಏಪ್ರಿಲ್‌ವರೆಗೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ, ಅಂದರೆ ಟ್ರಾಯ್‌ನ, ಸಮಾಲೋಚನಾ ಪತ್ರಗಳನ್ನು ಓದುತ್ತಿದ್ದವರು ಬೆರಳೆಣಿಕೆಯವರು: ಮೊಬೈಲ್ ಕಂಪನಿಗಳ ವಕೀಲರು, ಒಂದಿಷ್ಟು ಗ್ರಾಹಕ ಸಂಘಟನೆಗಳು. ಪಾರದರ್ಶಕವಾಗಿ ಕೆಲಸ ಮಾಡಬೇಕೆಂದು 1997ರ ಕಾಯ್ದೆ ಹೇಳುವುದರಿಂದ ಅಭಿಪ್ರಾಯ ಕೇಳುವ ಶಾಸ್ತ್ರ ನಡೆಯುತ್ತಿತ್ತು. ಜನ ನಿಜಕ್ಕೂ ಉತ್ತರಿಸಿಯಾರು ಎಂದು ಯಾರೂ ಎಣಿಸಿರಲಿಲ್ಲ.

ಕಿಡಿ ಹೊತ್ತಿದ್ದು 2014ರ ಡಿಸೆಂಬರ್‌ನಲ್ಲಿ. ಸ್ಕೈಪ್, ವೈಬರ್ ಕರೆಗಳಿಗೆ ಬೇರೆಯೇ ದುಡ್ಡು ಎಂದ ಏರ್‌ಟೆಲ್, ಬೈಗುಳ ತಾಳಲಾರದೆ ಕೆಲವೇ ದಿನಗಳಲ್ಲಿ ಹಿಂದೆ ಸರಿಯಿತು. ಮರುವರ್ಷದ ಮಾರ್ಚ್ 27ಕ್ಕೆ ಟ್ರಾಯ್ ಇಂಥ ಇಂಟರ್ನೆಟ್ ಸೇವೆಗಳ ನಿಯಂತ್ರಣದ ಬಗ್ಗೆ 118 ಪುಟಗಳ ಪತ್ರ ಹೊರಡಿಸಿ 20 ಪ್ರಶ್ನೆ ಕೇಳಿತು. ಸಾಮಾನ್ಯರ ತಲೆಗೆ ಹತ್ತದ ಇಂಗ್ಲಿಷು. ‘ಸೇವ್ ದಿ ಇಂಟರ್ನೆಟ್’ ಎಂಬ ಸ್ವಯಂಸೇವಕರ ಗುಂಪು ಅದನ್ನು ಬಿಡಿಸಿ, ಇಪ್ಪತ್ತಕ್ಕೂ ಉತ್ತರ ಬರೆದು, ಜನ ತಮ್ಮ ಹೆಸರಲ್ಲಿ ಸಲೀಸಾಗಿ ಕಳುಹಿಸುವಂತೆ ಮಾಡಿತು. ಎಐಬಿ ಹಾಸ್ಯತಂಡದ ವಿಡಿಯೊ ಅದನ್ನು ಮನೆಮನೆಗೆ ಮುಟ್ಟಿಸಿತು. ಹತ್ತು ಲಕ್ಷಕ್ಕೂ ಮಿಕ್ಕಿ ಇ-ಮೇಲ್ ಬಂತು. ಆ್ಯಪ್ ಕಂಪನಿಗಳೇ ಡೇಟಾ ಖರ್ಚು ಹೊತ್ತು ಬಳಕೆದಾರರಿಗೆ ಪುಕ್ಕಟೆ ಕೊಡುವ ‘ಏರ್‌ಟೆಲ್ ಜೀರೊ’ ಯೋಜನೆ ಸೇರುವ ಮಾತುಕತೆಯಲ್ಲಿದ್ದ ಬೆಂಗಳೂರಿನ ಫ್ಲಿಪ್‌ಕಾರ್ಟ್ ಆ ಗಲಾಟೆಯ ನಡುವೆಯೇ ಕೈತೊಳೆದುಕೊಂಡಿತು. ಟ್ರಾಯ್ ಆ ಮೇಲ್‌ಗಳನ್ನು ಬರೆದವರ ಇ-ಮೇಲ್ ವಿಳಾಸದ ಸಮೇತ ಜಾಲತಾಣಕ್ಕೆ ಹಾಕಿತು. ಪಾರದರ್ಶಕತೆ ಎಂದರೆ ಇದೇ ಇರಬೇಕು!

ನನಗೆ ಹೆಚ್ಚು ಮುಖ್ಯವೆನಿಸುವುದು ಎರಡನೇ ಸುತ್ತು. ಅದೇ ವರ್ಷದ ಡಿಸೆಂಬರ್ 9ರ ಟ್ರಾಯ್ ಪತ್ರದಲ್ಲಿದ್ದದ್ದು ನಾಲ್ಕೇ ಪ್ರಶ್ನೆ. ಯಾವ ತಾಣ ನೋಡುತ್ತೀರಿ ಎಂಬುದರ ಮೇಲೆ ಡೇಟಾ ದರ ಬದಲಾಗಬಹುದೇ ಎಂಬುದು ಅದರ ತಿರುಳು. ರಿಲಯನ್ಸ್ ಕಮ್ಯುನಿಕೇಷನ್ಸ್ ಜೊತೆಗೂಡಿ ಆಯ್ದ ತಾಣಗಳನ್ನು ‘ಫ್ರೀ ಬೇಸಿಕ್ಸ್’ ಹೆಸರಲ್ಲಿ ಪುಕ್ಕಟೆ ಕೊಡುತ್ತಿದ್ದ ಫೇಸ್‌ಬುಕ್, ಪತ್ರಿಕೆಗಳಲ್ಲಿ ಪುಟ ತುಂಬ ಜಾಹೀರಾತು ಕೊಟ್ಟಿತು. ಬಳಕೆದಾರರ ಪರದೆಯ ಮೇಲೆ ಸಿದ್ಧ ಒಕ್ಕಣೆ ಇಟ್ಟು ಒತ್ತಿ ಎಂದಿತು. ಬಂದ ಸುಮಾರು 24 ಲಕ್ಷ ಪ್ರತಿಕ್ರಿಯೆಗಳಲ್ಲಿ ಬಹುಪಾಲು ಫ್ರೀ ಬೇಸಿಕ್ಸ್ ಪರ.

ತಲೆ ಎಣಿಸಿದ್ದರೆ ಫೇಸ್‌ಬುಕ್ ಗೆದ್ದಂತೆ. ಆದರೆ ಆ ಒಕ್ಕಣೆ ತಾನು ಕೇಳಿದ ಪ್ರಶ್ನೆಗಳಿಗೆ ಉತ್ತರವೇ ಅಲ್ಲ ಎಂದು ಟ್ರಾಯ್ ಜನವರಿಯಲ್ಲಿ ಕಟುವಾಗಿಯೇ ಬರೆಯಿತು. 2016ರ ಫೆಬ್ರುವರಿ 8ರಂದು ತಾರತಮ್ಯದ ದರವನ್ನು ನಿಷೇಧಿಸಿತು. ತಪ್ಪಿದರೆ ದಿನಕ್ಕೆ 50 ಸಾವಿರ ರೂಪಾಯಿ ದಂಡ. ಮೂರೇ ದಿನದಲ್ಲಿ ಫ್ರೀ ಬೇಸಿಕ್ಸ್ ಗಂಟುಮೂಟೆ ಕಟ್ಟಿತು. ಮೊದಲ ಸುತ್ತಿನ ಹತ್ತು ಲಕ್ಷವೂ ಅಚ್ಚು ಹೊಡೆದವೇ ಅಲ್ಲವೇ ಎಂದರೆ, ಹೌದು. ಅವನ್ನು ಜನದನಿ ಎಂದು ಹೊಗಳಿದವರೇ ಇವನ್ನು ಹಂಗಿಸಿದರು. ಆದರೂ ಮೊದಲಿನವುಗಳಲ್ಲಿ ಕೇಳಿದ್ದಕ್ಕೆ ಉತ್ತರವಿತ್ತು.

ಅದೇ ವರ್ಷದ ಮೇ ತಿಂಗಳಲ್ಲಿ, ಕಡಿತಗೊಂಡ ಕರೆಗೆ ಪರಿಹಾರ ಕೊಡಬೇಕೆಂಬ ಟ್ರಾಯ್ ನಿಯಮವನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಬಂದ ಅಭಿಪ್ರಾಯಗಳಿಗೆ ಕಾರಣ ಸಹಿತ ಉತ್ತರ ಕೊಡುವುದೂ ಪಾರದರ್ಶಕತೆಯ ಭಾಗ, ಇದಕ್ಕೊಂದು ಕಾನೂನು ತನ್ನಿ ಎಂದು ಸಂಸತ್ತಿಗೆ ಸಲಹೆಯನ್ನೂ ಕೊಟ್ಟಿತು. ಆ ಕಾನೂನು ಬರಲಿಲ್ಲ. 2024ರಲ್ಲಿ ಕೇಂದ್ರ ಸರ್ಕಾರದ ಪ್ರಸಾರ ಸೇವೆಗಳ ಮಸೂದೆಯ ಪರಿಷ್ಕೃತ ಕರಡು ಅಭಿಪ್ರಾಯಕ್ಕೆಂದು ಆಯ್ದ ಕೆಲವರ ಕೈಗಷ್ಟೇ ಹೋಯಿತು. ಆಗಸ್ಟ್‌ನಲ್ಲಿ ಆ ಪ್ರತಿಗಳನ್ನೂ ವಾಪಸ್ ಕೇಳಲಾಯಿತು.