ಒಂದು ಡಾಂಗಲ್, ಎರಡು ಸ್ಟೇಷನ್

ಕಳೆದ ಸೆಮಿಸ್ಟರ್‌ನ ಒಂದು ಭಾನುವಾರ ನಾನೂ ನನ್ನ ರೂಮ್‌ಮೇಟೂ ಹಾಸ್ಟೆಲ್ ಟೆರೇಸ್ ಮೇಲೆ ಒಂದು ಲ್ಯಾಪ್‌ಟಾಪ್ ಇಟ್ಕೊಂಡು ಕೂತಿದ್ವಿ. ಅದಕ್ಕೆ ಒಂದು ಯುಎಸ್‌ಬಿ ಡಾಂಗಲ್, ಡಾಂಗಲ್‌ಗೆ ಒಂದು ಆಂಟೆನಾ. ಇಬ್ಬರಿಗೂ ಸೇರಿ ಒಂದೇ ಇಯರ್‌ಫೋನ್. ಎಡಗಡೆಯದು ನನ್ನ ಕಿವಿಯಲ್ಲಿ, ಅದರಲ್ಲಿ 101.3ರ ಕಾಮನಬಿಲ್ಲು. ಬಲಗಡೆಯದು ಅವನ ಕಿವಿಯಲ್ಲಿ, ಅದರಲ್ಲಿ 102.9ರ ವಿವಿಧ ಭಾರತಿ. ಎರಡೂ ಒಂದೇ ಸಮಯಕ್ಕೆ, ಒಂದೇ ಆಂಟೆನಾದಿಂದ.

"ಅದರಲ್ಲೇನಿದೆ?" ಅಂತ ಅನ್ನಿಸಬಹುದು. ಮನೆಯ ಹಳೇ ರೇಡಿಯೋದಲ್ಲಿ ಇದನ್ನು ಮಾಡಿ ನೋಡಿ, ಆಗಲ್ಲ. ಅಲ್ಲಿ ನಾಬ್ ತಿರುಗಿಸಿದಾಗ ಸರ್ಕ್ಯೂಟ್ ಒಂದು ಫ್ರೀಕ್ವೆನ್ಸಿಗೆ ಹೊಂದಿಕೊಳ್ಳುತ್ತೆ, ಮಿಕ್ಕದ್ದನ್ನೆಲ್ಲ ಫಿಲ್ಟರ್ ತಳ್ಳಿಬಿಡುತ್ತೆ. (ಆವರ್ತನ ಅನ್ನೋ ಪದ ಗೊತ್ತು. ಆದರೆ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ಫ್ರೀಕ್ವೆನ್ಸಿ ಅಂದ್ರೇನೇ ಕೈಗೆ ಸಿಗೋದು. ಕ್ಷಮೆ ಇರಲಿ.) ಯಾವ ಸಿಗ್ನಲ್ ಹಿಡಿಯಬೇಕು, ಅದರಿಂದ ಧ್ವನಿ ಹೇಗೆ ತೆಗೆಯಬೇಕು ಅನ್ನೋದೆಲ್ಲ ಬೋರ್ಡ್ ಮೇಲೆ ಬೆಸುಗೆ ಹಾಕಿ ಮುಗಿದಿರುತ್ತೆ. ಎಫ್‌ಎಂ ರೇಡಿಯೋ ಕೆಡೋವರೆಗೂ ಎಫ್‌ಎಂ ರೇಡಿಯೋನೇ.

ಆ ಬೆಸುಗೆಯ ಕೆಲಸವನ್ನು ಪ್ರೋಗ್ರಾಂಗೆ ಒಪ್ಪಿಸೋದೇ ಸಾಫ್ಟ್‌ವೇರ್ ರೇಡಿಯೋ. 1990ರ ದಶಕದ ಆರಂಭದಲ್ಲಿ ಈ ಹೆಸರನ್ನು ಬಳಕೆಗೆ ತಂದವರು ಅಮೆರಿಕದ ಜೋಸೆಫ್ ಮಿಟೋಲಾ. ಆಗ ಅದು ದುಬಾರಿ ವಿಷಯ. ನಮ್ಮಂಥವರ ಕೈಗೆ ಬಂದಿದ್ದು 2012ರ ಹೊತ್ತಿಗೆ, ಅದೂ ಒಂದು ಥರ ಆಕಸ್ಮಿಕವಾಗಿ. ಲ್ಯಾಪ್‌ಟಾಪ್‌ನಲ್ಲಿ ಡಿಜಿಟಲ್ ಟಿವಿ ನೋಡೋಕೆ ಅಂತ ಮಾಡಿದ ಅಗ್ಗದ ಡಾಂಗಲ್‌ಗಳಿದ್ದವು. ಅದರೊಳಗಿನ ರಿಯಲ್‌ಟೆಕ್ ಚಿಪ್ ಎಫ್‌ಎಂ ಕೇಳುವಾಗ ಮಾತ್ರ ಪೂರ್ತಿ ಕೆಲಸ ತಾನು ಮಾಡದೆ, ಕಚ್ಚಾ ಸ್ಯಾಂಪಲ್‌ಗಳನ್ನೇ ಕಂಪ್ಯೂಟರ್‌ಗೆ ಸುರಿಯುತ್ತಿತ್ತು. ಅದನ್ನು ಹವ್ಯಾಸಿಗಳು ಕಂಡುಹಿಡಿದರು. ಕಚ್ಚಾ ಮಾಲು ಸಿಕ್ಕ ಮೇಲೆ ಅಡುಗೆ ನಮ್ಮದೇ ತಾನೇ!

ಈ ಸ್ಯಾಂಪಲ್ ಅಂದ್ರೆ ಏನು ಅನ್ನೋದೇ ನನಗೆ ತುಂಬಾ ದಿನ ತಲೆಗೆ ಹತ್ತಲಿಲ್ಲ. ಪ್ರತಿ ಸ್ಯಾಂಪಲ್‌ನಲ್ಲೂ ಎರಡು ಸಂಖ್ಯೆ ಇರುತ್ತೆ, ಐ ಮತ್ತು ಕ್ಯೂ. ಗ್ರಾಫ್ ಶೀಟ್ ಮೇಲೆ ಐ ಅಡ್ಡಕ್ಕೆ, ಕ್ಯೂ ಉದ್ದಕ್ಕೆ ಇಟ್ಟರೆ ಒಂದು ಚುಕ್ಕಿ. ಮಧ್ಯದಿಂದ ಆ ಚುಕ್ಕಿಗೆ ಎಷ್ಟು ದೂರ ಅನ್ನೋದು ಸಿಗ್ನಲ್‌ನ ಶಕ್ತಿ, ಯಾವ ಕೋನದಲ್ಲಿದೆ ಅನ್ನೋದು ಫೇಸ್. ಚುಕ್ಕಿಗಳು ಒಂದರ ಹಿಂದೊಂದು ಬರ್ತಾ ಇದ್ದರೆ ಗಿರಗಿಟ್ಲೆ ತಿರುಗಿದ ಹಾಗೆ ಕಾಣುತ್ತೆ. ಎಫ್‌ಎಂನಲ್ಲಿ ಧ್ವನಿ ಅಡಗಿರೋದು ಆ ಗಿರಗಿಟ್ಲೆ ಒಮ್ಮೆ ಜೋರಾಗಿ, ಒಮ್ಮೆ ನಿಧಾನವಾಗಿ ತಿರುಗೋದರಲ್ಲಿ. ಹಾಗಾಗಿ ಒಂದು ಸ್ಯಾಂಪಲ್‌ನಿಂದ ಮುಂದಿನದಕ್ಕೆ ಕೋನ ಎಷ್ಟು ಬದಲಾಯ್ತು ಅಂತ ಲೆಕ್ಕ ಹಾಕಿದರೆ ಅದೇ ಹಾಡು! ಕೋನದ ಬದಲು ದೂರವನ್ನು ತಗೊಂಡರೆ ಅದು ಎಎಂ ರಿಸೀವರ್. ಬೋರ್ಡ್‌ನಲ್ಲಿ ಬೇರೆ ಸರ್ಕ್ಯೂಟ್ ಬೇಕಾಗಿದ್ದ ಜಾಗದಲ್ಲಿ ಒಂದು ಸಾಲು ಕೋಡ್ ಬದಲಾಯ್ತು, ಅಷ್ಟೇ. ಪಿಯುಸಿಯಲ್ಲಿ ಕಾಂಪ್ಲೆಕ್ಸ್ ನಂಬರ್ಸ್ ಯಾಕೆ ಓದ್ಬೇಕು ಅಂತ ಕೇಳಿ ಬೈಸಿಕೊಂಡಿದ್ದೆ. ಉತ್ತರ ಸಿಕ್ಕಿದ್ದು ಟೆರೇಸ್ ಮೇಲೆ.

ಈಗ ಎರಡು ಸ್ಟೇಷನ್ ಹೇಗೆ ಬಂತು ಅಂತ ನೋಡಿ. ನಮ್ಮ ಡಾಂಗಲ್ ಸೆಕೆಂಡಿಗೆ 24 ಲಕ್ಷ ಸ್ಯಾಂಪಲ್ ಕೊಡುತ್ತೆ, ಅಂದ್ರೆ ಒಂದೇ ಸಲಕ್ಕೆ 2.4 ಮೆಗಾಹರ್ಟ್ಸ್ ಅಗಲದಷ್ಟು ಜಾಗ ಕಾಣುತ್ತೆ. ಮಧ್ಯಬಿಂದುವನ್ನು 102.1ಕ್ಕೆ ಇಟ್ಟರೆ 100.9ರಿಂದ 103.3ರವರೆಗೆ ಎಲ್ಲವೂ ಅದರೊಳಗೇ ಇದೆ. ಒಂದು ಸ್ಟೇಷನ್ 0.8 ಕೆಳಗೆ, ಇನ್ನೊಂದು 0.8 ಮೇಲೆ. ಗಿರಗಿಟ್ಲೆಯನ್ನು ಅಷ್ಟೇ ವೇಗದಲ್ಲಿ ಉಲ್ಟಾ ತಿರುಗಿಸಿದರೆ ಬೇಕಾದ ಸ್ಟೇಷನ್ ಮಧ್ಯಕ್ಕೆ ಬಂದು ನಿಲ್ಲುತ್ತೆ. ಒಂದೇ ಡೇಟಾದ ಎರಡು ಕಾಪಿ ಮಾಡಿ, ಒಂದನ್ನು ಆ ಕಡೆ, ಇನ್ನೊಂದನ್ನು ಈ ಕಡೆ ತಿರುಗಿಸಿ ಫಿಲ್ಟರ್ ಮಾಡಿದ್ವಿ.

ಹಾಗಂತ ಎಲ್ಲವೂ ಸಾಫ್ಟ್‌ವೇರ್‌ನಲ್ಲಿ ಆಗಲ್ಲ. ಎಫ್‌ಎಂ ಅಲೆಯ ಉದ್ದ ಸುಮಾರು 3 ಮೀಟರ್, ಅದರ ಕಾಲುಭಾಗದಷ್ಟು, ಅಂದ್ರೆ ಮುಕ್ಕಾಲು ಮೀಟರ್ ಆಂಟೆನಾ ಬೇಕು. ಅದನ್ನು ಕೋಡ್ ಬರೆದು ಉದ್ದ ಮಾಡೋಕಾಗಲ್ಲ. ಇನ್ನೊಂದು ತಲೆನೋವು, ನಮ್ಮ ಡಾಂಗಲ್‌ನ ಅಳತೆ 8 ಬಿಟ್, ಬರೀ 256 ಮೆಟ್ಟಿಲು. ಪಕ್ಕದಲ್ಲಿ ಜೋರಾದ ಸ್ಟೇಷನ್ ಇದ್ದರೆ ಮೆಟ್ಟಿಲೆಲ್ಲ ಅದಕ್ಕೇ ಖರ್ಚಾಗಿ ಸಣ್ಣ ಸಿಗ್ನಲ್ ಮುಳುಗಿಹೋಗುತ್ತೆ. ಗೇನ್ ಪೂರ್ತಿ ಏರಿಸಿದಾಗ ಇಲ್ಲದ ಜಾಗದಲ್ಲೆಲ್ಲ ಸ್ಟೇಷನ್ ಕಾಣಿಸಿ, ಏನೋ ಕಂಡುಹಿಡಿದ್ವಿ ಅಂತ ನಾವು ಅರ್ಧ ಗಂಟೆ ಖುಷಿಪಟ್ಟಿದ್ದೂ ಉಂಟು.

ಲ್ಯಾಪ್‌ಟಾಪ್‌ಗೂ ಮಿತಿ ಇದೆ. ನಮ್ಮದು ಸೆಕೆಂಡಿಗೆ 4.8 ಮೆಗಾಬೈಟ್ ಡೇಟಾ, ಆರಾಮ. 5ಜಿಯಲ್ಲಿ 100 ಮೆಗಾಹರ್ಟ್ಸ್ ಅಗಲದ ಚಾನೆಲ್‌ಗೆ ಸೆಕೆಂಡಿಗೆ 12 ಕೋಟಿಗೂ ಹೆಚ್ಚು ಸ್ಯಾಂಪಲ್ ಬೇಕು, ಅದೂ ಒಂದೊಂದು ಆಂಟೆನಾಗೂ. ಅಲ್ಲಿ ಎಫ್‌ಪಿಜಿಎ ಬರುತ್ತೆ. ಅದು ಚಿಪ್ಪೇ, ಆದರೆ ಒಳಗಿನ ಸಣ್ಣ ಸಣ್ಣ ಲಾಜಿಕ್ ತುಂಡುಗಳ ನಡುವಿನ ಸಂಪರ್ಕವನ್ನು ಎಷ್ಟು ಸಲ ಬೇಕಾದ್ರೂ ಹೊಸದಾಗಿ ಬರೆಯಬಹುದು. ಲೆಕ್ಕಗಳು ಸಾಲಾಗಿ ಅಲ್ಲ, ಒಟ್ಟಿಗೇ ನಡೆಯುತ್ತವೆ.

ಇಷ್ಟೆಲ್ಲ ಯಾಕೆ ಅಂತ ಕೇಳೋರಿಗೆ ನಾನು ಹೇಳೋ ಕಥೆ ಐಎಸ್‌ಇಇ-3 ಅನ್ನೋ ನಾಸಾ ನೌಕೆಯದ್ದು. ಹಾರಿದ್ದು 1978ರಲ್ಲಿ, 1985ರಲ್ಲಿ ಒಂದು ಧೂಮಕೇತುವಿನ ಬಾಲದೊಳಗೆ ಹಾದುಹೋದ ಮೊದಲ ನೌಕೆ. 1997ರಲ್ಲಿ ಅದರ ಕೆಲಸ ಮುಗೀತು. ಆಮೇಲೆ ಅದರ ಜೊತೆ ಮಾತಾಡೋಕೆ ಬೇಕಾದ ಹಳೇ ಟ್ರಾನ್ಸ್‌ಮಿಟರ್‌ಗಳನ್ನೂ ನಾಸಾ ತೆಗೆದುಹಾಕಿತು. 2014ರಲ್ಲಿ ಅದು ಮತ್ತೆ ಭೂಮಿಯ ಹತ್ತಿರ ಬಂತು. ನೌಕೆ ಇನ್ನೂ ಸಿಗ್ನಲ್ ಕಳಿಸ್ತಾ ಇದೆ, ಉತ್ತರ ಕೊಡೋಕೆ ಭೂಮಿಯಲ್ಲಿ ಯಂತ್ರ ಇಲ್ಲ! ಆಗ ಒಂದು ಹವ್ಯಾಸಿ ತಂಡ ಜನರಿಂದ ದುಡ್ಡು ಸೇರಿಸಿ, ಹಳೇ ದಾಖಲೆ ಓದಿ, ಆ ಟ್ರಾನ್ಸ್‌ಮಿಟರ್‌ನ ಭಾಷೆಯನ್ನು ಸಾಫ್ಟ್‌ವೇರ್ ರೇಡಿಯೋದಲ್ಲಿ ಮತ್ತೆ ಬರೆಯಿತು. ಅದನ್ನು ಪೋರ್ಟೊರಿಕೊದ ಅರೆಸಿಬೋದ 305 ಮೀಟರ್ ಡಿಶ್‌ಗೆ ಜೋಡಿಸಿ ಮೇ ತಿಂಗಳಲ್ಲಿ ಆಜ್ಞೆ ಕಳಿಸಿದರು. 36 ವರ್ಷದ ನೌಕೆ ಮಾತು ಕೇಳಿತು. ಜುಲೈನಲ್ಲಿ ಅದರ ಥ್ರಸ್ಟರ್‌ಗಳನ್ನೂ ಒಮ್ಮೆ ಉರಿಸಿದರು. ಆದರೆ ದಾರಿ ಬದಲಿಸೋಕೆ ದೊಡ್ಡದಾಗಿ ಉರಿಸಬೇಕಾದಾಗ ಆಗಲಿಲ್ಲ. ಇಂಧನವನ್ನು ತಳ್ಳಬೇಕಾದ ನೈಟ್ರೋಜನ್ ಖಾಲಿಯಾಗಿರಬೇಕು ಅಂದುಕೊಂಡರು. ಆಗಸ್ಟ್‌ನಲ್ಲಿ ನೌಕೆ ಚಂದ್ರನ ಪಕ್ಕದಲ್ಲಿ ಹಾದು ತನ್ನ ಪಾಡಿಗೆ ಹೊರಟುಹೋಯ್ತು.

ನಮ್ಮ ಡಾಂಗಲ್ ಕೇಳಿಸಿಕೊಳ್ಳುತ್ತೆ ಅಷ್ಟೇ, ಕಳಿಸೋಕೆ ಬರಲ್ಲ. ಕಳಿಸೋಕೆ ಲೈಸೆನ್ಸ್ ಬೇಕು, ಅದಕ್ಕೆ ಹ್ಯಾಮ್ ಪರೀಕ್ಷೆ ಬರೆಯೋ ಯೋಚನೆ ಇದೆ. ಅಲ್ಲಿವರೆಗೂ ನೋಡ್ಬೇಕು ಅನ್ನೋರು ಭಾನುವಾರ ಸಂಜೆ ಟೆರೇಸ್‌ಗೆ ಬನ್ನಿ. ರೂಮ್‌ನಲ್ಲಿ ಬೇಡ, ಕಿಟಕಿ ಸರಳುಗಳ ನಡುವೆ ಬರೀ ಗೊರಗೊರ ಬರುತ್ತೆ. ಇಯರ್‌ಫೋನ್ ನೀವೇ ತನ್ನಿ, ನಮ್ಮದರಲ್ಲಿ ಈಗ ಎಡಗಡೆ ಮಾತ್ರ ಕೆಲಸ ಮಾಡ್ತಿದೆ.