‘ದಿನಾ ಒಂದ ರೀ’ ಅಂದರೆ ಎಷ್ಟು?

ಹಾವೇರಿ: ಸಮೀಕ್ಷೆಯವರು ಮನೆಬಾಗಿಲಿಗೆ ಬಂದು “ಕುಡೀತೀರೇನ್ರಿ?” ಎಂದು ಕೇಳಿದರೆ, ಪಡಸಾಲೆಯಲ್ಲಿ ಅವ್ವ, ಹೆಂಡತಿ ಕೂತಿರುವಾಗ ಯಾವ ಗಂಡಸು “ಹೌದ್ರಿ” ಅಂದಾನು? ಗಾಂಜಾದ ಮಾತಂತೂ ಕೇಸಿನ ಭಯಕ್ಕೆ ಬಾಯಿಗೇ ಬಾರದು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ರಾಜ್ಯದ 15 ವರ್ಷ ತುಂಬಿದ ಗಂಡಸರಲ್ಲಿ ಶೇ. 16.5, ಹೆಂಗಸರಲ್ಲಿ ಶೇ. 0.9 ಮಂದಿ ಕುಡಿಯುತ್ತಾರೆಂದು ದಾಖಲಾಯಿತು. ಇದು ಬಾಯಿಮಾತಿನ ಲೆಕ್ಕ ಎಂಬುದನ್ನು ಮರೆಯುವಂತಿಲ್ಲ.

ಒಪ್ಪಿಕೊಂಡವರದೂ ಅಳತೆಯ ಪೀಕಲಾಟವೇ. ಬ್ಯಾಡಗಿ ಪೇಟೆಯ ಮೆಣಸಿನಕಾಯಿಗೆ ತಕ್ಕಡಿ ಉಂಟು. ಇಲ್ಲಿ ನಾಲಿಗೆಯೇ ತಕ್ಕಡಿ. “ದಿನಾ ಒಂದ ರೀ” ಅಂದವನ ‘ಒಂದು’ 180 ಮಿಲಿಯ ಕ್ವಾರ್ಟರ್. ವಿಶ್ವ ಆರೋಗ್ಯ ಸಂಸ್ಥೆಯ ಪ್ರಶ್ನಾವಳಿಯಲ್ಲಿ ಒಂದು ‘ಡ್ರಿಂಕ್’ ಅಂದರೆ 10 ಗ್ರಾಂ ಶುದ್ಧ ಮದ್ಯಸಾರ. ಶೇ. 42.8ರ ವಿಸ್ಕಿಯ ಕ್ವಾರ್ಟರಿನಲ್ಲಿ ಇರುವುದು ಸುಮಾರು 60 ಗ್ರಾಂ. ಬರೆದುಕೊಂಡದ್ದು ಒಂದು, ಹೊಟ್ಟೆಗೆ ಇಳಿದದ್ದು ಆರು!

ರಾಣೆಬೆನ್ನೂರಿಗಾಗಲಿ ಹಾವೇರಿಗಾಗಲಿ ಚಿಕಿತ್ಸೆಗೆ ಎಷ್ಟು ಹಾಸಿಗೆ, ಎಷ್ಟು ವೈದ್ಯರು ಬೇಕೆಂದು ಕೇಳಲು ಖರೇ ಲೆಕ್ಕ ಬೇಕು. ಹೆಸರು ಬರೆಯದೆ, ಒಬ್ಬರನ್ನೇ ಕೂರಿಸಿ, “ಹೋದ ವಾರ ಎಷ್ಟು ದಿನ, ಎಷ್ಟು ಕ್ವಾರ್ಟರ್?” ಎಂದು ಕೇಳಿದರೆ ಖರೇ ಮಾತು ಹೊರಬಿದ್ದೀತು. ಸುಳ್ಳು ಲೆಕ್ಕಕ್ಕೆ ದಂಡ ತೆರುವವರು ಕುಡಿದವನ ಮನಿಮಂದಿ.